ಡಬ್ಬಿಯ ಭಾಷೆ

ಆ ವರ್ಷ ನಾನು ಚೌಕ ಅಂಟಿಸುತ್ತಿದ್ದೆ.
ಒಂದು ಅಂಗಡಿಗೆ ಎಪ್ಪತ್ತು ರೂಪಾಯಿ ಕಮಿಷನ್,
ಮಾತಾಡುವ ಡಬ್ಬಿ ಕೂರಿಸಿದರೆ ಮೇಲೆ ನೂರು.
ಮಂಡ್ಯದ ಪೇಟೆಬೀದಿ, ಗುತ್ತಲು ರಸ್ತೆ,
ನೂರಡಿ ರಸ್ತೆಯ ಎರಡೂ ಮಗ್ಗುಲು,
ಬೀಡಾ ಡಬ್ಬದ ಮೇಲೆ, ತಕ್ಕಡಿಯ ಬೆನ್ನಿಗೆ,
ಒಮ್ಮೆ ಎಳನೀರಿನವನ ಸೈಕಲ್ ಮಡ್‌ಗಾರ್ಡಿಗೆ.
ಇರುವೆ ಮುತ್ತಿದ ಸಕ್ಕರೆ ಇದ್ದಂಗದೆ, ಅಂದರು ಕೆಲವರು.
ಕೆಟ್ಟ ಟೀವಿ, ಅಂದರು ಕೆಲವರು.
ಅಂಟು ಮಾತ್ರ ಚೆನ್ನಾಗಿತ್ತು.

ರೈಲ್ವೆ ಸ್ಟೇಷನ್ ಹೊರಗೆ
ಕಬ್ಬಿನ ಹಾಲಿನ ಗಾಡಿ ಜವರಮ್ಮನದು.
ಲೋಟಕ್ಕೆ ಇಪ್ಪತ್ತು. ಶುಂಠಿ, ನಿಂಬೆ ಪುಕ್ಕಟೆ.
ಟ್ರೈನಿಂಗಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ:
ಚೀನಾದಲ್ಲೂ ಇದೇ ಚೌಕ, ಬ್ರೆಜಿಲ್ಲಿನ ಮೀನು ಸಂತೆಯಲ್ಲೂ,
ಸಿಂಗಪುರದ ಟ್ಯಾಕ್ಸಿಯಲ್ಲೂ.
ಕೇಳಿ, ಗಾಣದ ಹಲ್ಲಿಗೆ ಕಬ್ಬು ಕೊಡುತ್ತ ಅಂದಳು:
"ಪಾಪ, ಅಲ್ಲೂ ಚಿಲ್ರೆ ಸಿಕ್ಕಾಕಿಲ್ವಾ?"

ನಾಲ್ಕನೇ ದಿನ ಫೋನು.
"ಬಾ ಇಲ್ಲಿ. ಈ ಮುಂಡೇದು ಬಾಯ್ ಮುಚ್ಚಾಕಿಲ್ಲ.
ನೋಟಾಗಿದ್ರೆ ಸಿಪ್ಪೆ ಕೆಳಕ್ಕೆ ತಳ್ತಿದ್ದೆ.
ಈಗ ಬಂತು ಬಂತು ಅಂತ ಬೀದಿಗೆಲ್ಲ ಡಂಗುರ.
ಅಲ್ನೋಡು, ಹೆಂಗ್ ಕುಂತವ್ನೆ."
ಎದುರು ವೈನ್ಸ್ ಅಂಗಡಿಯ ಮೆಟ್ಟಿಲು.
ಗಂಡ ಸಣ್ಣೀರ, ಬೆರಳು ಮಡಚಿ ಎಣಿಸುತ್ತಿದ್ದ.
ಸಂಜೆಗೆ ಬರುತ್ತಾನೆ, ಲೆಕ್ಕ ತಪ್ಪದೆ:
ನಲವತ್ತೆಂಟು ಲೋಟ, ಒಂಬೈನೂರ ಅರವತ್ತು, ತೆಗಿ.

ಸದ್ದು ಇಳಿಸಿದರೆ ರೈಲು ನುಂಗುತ್ತದೆ.
ಡಬ್ಬಿ ತೆಗೆದರೆ ನನ್ನ ನೂರು ವಾಪಸ್ ಹೋಗುತ್ತದೆ.
ಭಾಷೆ ಬದಲಿಸಬಹುದು, ಅಂದೆ. ಹನ್ನೊಂದು ಇವೆ.
"ಯಾರ್ಗೂ ತಿಳಿಯದ್ದು ಯಾವ್ದದೆ ಅದ್ರಲ್ಲಿ?"
ತಮಿಳು ಈ ಬೀದಿಗೆ ಅರ್ಧ ಗೊತ್ತು.
ತೆಲುಗು ಅವನು ಸಿನಿಮಾದಲ್ಲಿ ಕಲಿತಿದ್ದಾನೆ.
ಹಿಂದಿ ಅಂಕಿಯನ್ನು ರೈಲೇ ದಿನವೆಲ್ಲ ಒದರುತ್ತದೆ.
ಬಂಗಾಳಿಗೆ ಬಂದು ನಿಂತೆವು.

ಮೊದಲ ಲೋಟ. ಡಬ್ಬಿ ಗಂಟಲು ಸರಿಮಾಡಿಕೊಂಡು
"ಕುಡಿ ಟಾಕಾ" ಅಂದಿತು.
"ಕುಡ್ದಾಯ್ತಲ್ಲವ್ವ!" ಅಂದ ಗಿರಾಕಿ.
ಇಪ್ಪತ್ತಕ್ಕೆ ಅವರು ಕುಡಿ ಅನ್ನುತ್ತಾರಂತೆ,
ನಮಗಿಬ್ಬರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.
ಎರಡನೇ ಲೋಟ: ಕುಡಿ.
ಮೂರನೇದು: ಕುಡಿ.
ಎದುರು ಮೆಟ್ಟಿಲ ಮೇಲೆ ಸಣ್ಣೀರ ಎದ್ದು ನಿಂತ,
ಮಡಚಿದ ಬೆರಳು ಹಾಗೇ.
"ಆ ಡಬ್ಬಿ ನನ್ನೇ ಆಡ್ಕತಾ ಅದೆ" ಅಂದನಂತೆ ರಾತ್ರಿ.
ಮಾರನೇ ದಿನ ಬದಲಾಯಿಸಿದ,
ಕುಡಿತವನ್ನಲ್ಲ, ಮೆಟ್ಟಿಲನ್ನು.

ಹೆಬ್ಬೆಟ್ಟಿನ ಜವರಮ್ಮ
ಮಳೆಗಾಲದ ಹೊತ್ತಿಗೆ ಕಿವಿಯಿಂದಲೇ ಕಲಿತಳು:
ಎರಡು ಲೋಟಕ್ಕೆ ಚೊಲ್ಲಿಶ್, ಮೂರಕ್ಕೆ ಶಾಟ್,
ಒಂದು ಕುಟುಂಬ ಇಳಿದರೆ ಏಕ್ ಶೋ.

ಒಂದು ಮಧ್ಯಾಹ್ನ, ಮೊಣಕೈವರೆಗೆ ಸಿಮೆಂಟು ಮೆತ್ತಿದ ಹುಡುಗ,
ಅಕ್ಕಿ ಗಿರಣಿಯ ಗಾರೆ ಕೆಲಸದವನು,
ಮುರ್ಷಿದಾಬಾದಿನ ಕಡೆಯವನು,
ಡಬ್ಬಿ ಕೂಗಿದ್ದು ಕೇಳಿ ನಡುರಸ್ತೆಯಲ್ಲಿ ನಿಂತುಬಿಟ್ಟ.
ಹತ್ತಿರ ಬಂದು ಏನೇನೋ ಹೇಳಿದ, ಉದ್ದಕ್ಕೆ,
ಊರು ಬಿಟ್ಟ ಮೇಲೆ ಆಡದೆ ಉಳಿದದ್ದನ್ನೆಲ್ಲ ಆಡುವವನಂತೆ.
ಅವಳಿಗೆ ಅಂಕಿ ಬಿಟ್ಟು ಬೇರೇನೂ ಬಾರದು.
ಲೋಟ ಮುಂದೆ ಹಿಡಿದು "ಕುಡಿ" ಅಂದಳು.
ಅವನಿಗೆ ಇಪ್ಪತ್ತು ಅಂತ ಕೇಳಿಸಿತು.
ಕುಡಿದ. ಇಪ್ಪತ್ತು ಕೊಟ್ಟ.

ಆ ಕೆಲಸ ನನ್ನದಲ್ಲ ಈಗ.
ಚೌಕ ಅಂಟಿಸಲು ಯಾರೂ ದುಡ್ಡು ಕೊಡುವುದಿಲ್ಲ,
ಜನರೇ ಕೇಳಿ ಅಂಟಿಸಿಕೊಳ್ಳುತ್ತಾರೆ.
ಹೋದ ತಿಂಗಳು ಪ್ಯಾಸೆಂಜರ್ ಇಳಿದು ಹೋದೆ.
ಅವಳ ಚೌಕ ಬಿಸಿಲಿಗೆ ಬಿಳಿಚಿ, ಹಾಲು ಸಿಡಿದು,
ಮೂಲೆಯಲ್ಲಿ ಎರಡು ನೊಣ.
ಫೋನಿನಲ್ಲಿ ಬಳೆಯಂಥದೊಂದು ಸುತ್ತುತ್ತ ಸುತ್ತುತ್ತ ಇತ್ತು.
"ಬಂದಾಗ ಬತ್ತದೆ, ಮೊದ್ಲು ಲೋಟ ಇಸ್ಕೊ."
ಕುಡಿದು ಮುಗಿಸಿದರೂ ಡಬ್ಬಿಗೆ ಮಾತಿಲ್ಲ.
ಅವಳು ಅತ್ತ ನೋಡಲೂ ಇಲ್ಲ.

ಹಳೆಯ ಸಲಿಗೆಯಲ್ಲಿ ಕೇಳಿದೆ:
ಖಾತೇಲಿ ಎಷ್ಟಾಗಿದೆ ಜವರಮ್ಮ, ಇಷ್ಟು ವರ್ಷಕ್ಕೆ?

ಸೆರಗಿಗೆ ಕೈ ಒರೆಸಿ, ಆಚೀಚೆ ನೋಡಿ,
ಹೇಳಿದಳು,
ಬಂಗಾಳಿಯಲ್ಲಿ.